3,500 ಪದ ಬಾಯಿಪಾಠ ಮಾಡಿದರೆ ಜಿಆರ್‌ಇ ಗೆಲ್ಲಬಹುದೇ? ಬಿಟ್ಟ ಸ್ಥಳ ತುಂಬುವ ಪ್ರಶ್ನೆಗಳ ನಿಜ-ಸುಳ್ಳು

"30 ದಿನದಲ್ಲಿ 3,500 ಪದ ಕಲಿಯಿರಿ, ಜಿಆರ್‌ಇ ಗೆಲ್ಲಿರಿ. ಈ ಪಿಡಿಎಫ್ ನಿಮ್ಮ ಸ್ನೇಹಿತರಿಗೂ ಕಳಿಸಿ." ಎಂಜಿನಿಯರಿಂಗ್ ಕಾಲೇಜಿನ ವಾಟ್ಸಾಪ್ ಗುಂಪುಗಳಲ್ಲಿ ಇರುವವರಿಗೆ ಇಂಥ ಸಂದೇಶ ಹೊಸದಲ್ಲ. ಇದರ ಬೆನ್ನಿಗೇ ಇನ್ನೊಂದು ಮಾತೂ ಕೇಳಿಬರುತ್ತದೆ: "ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ವರ್ಬಲ್ ಆಗೋದಿಲ್ಲ ಬಿಡಿ."

ಈ ಎರಡು ಮಾತುಗಳನ್ನು ನಂಬಿ ನಡೆದರೆ ಆಗುವ ನಷ್ಟ ಸಣ್ಣದಲ್ಲ. ತುಮಕೂರಿನ ಸಿದ್ಧಗಂಗಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲೋ, ಗುಬ್ಬಿಯ ಚನ್ನಬಸವೇಶ್ವರ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲೋ ಓದುತ್ತಾ ಮುಂದೆ ವಿದೇಶದಲ್ಲಿ ಎಂ.ಎಸ್. ಮಾಡಬೇಕು ಎಂದುಕೊಂಡಿರುವ ವಿದ್ಯಾರ್ಥಿಗೆ ಜಿಆರ್‌ಇ ಶುಲ್ಕವೇ 20 ಸಾವಿರ ರೂಪಾಯಿ ದಾಟುತ್ತದೆ. ಕೋಚಿಂಗ್ ಫೀಸು, ಕುಣಿಗಲ್‌ನಿಂದಲೋ ತುಮಕೂರಿನಿಂದಲೋ ಬೆಂಗಳೂರಿಗೆ ಓಡಾಟದ ಖರ್ಚು ಬೇರೆ. ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. "ಇದು ನಮ್ಮಂಥವರಿಗಲ್ಲ" ಎಂದು ಅರ್ಜಿಯನ್ನೇ ಹಾಕದೆ ಉಳಿದುಬಿಡುವುದು.

ಹಾಗಾಗಿ ಬಿಟ್ಟ ಸ್ಥಳ ತುಂಬುವ ಪ್ರಶ್ನೆ ಏನನ್ನು ಅಳೆಯುತ್ತದೆ, ಪದಗಳು ತಲೆಯಲ್ಲಿ ಹೇಗೆ ಉಳಿಯುತ್ತವೆ, ಫಾರ್ವರ್ಡ್‌ಗಳಲ್ಲಿ ಯಾವುದು ಸರಿ, ಯಾವುದು ತಪ್ಪು ಎಂಬುದನ್ನು ನಾವು ಇಲ್ಲಿ ಒಂದೊಂದಾಗಿ ನೋಡೋಣ.

ಪರೀಕ್ಷೆಯಲ್ಲಿ ನಿಜಕ್ಕೂ ಏನಿರುತ್ತದೆ?

ಜಿಆರ್‌ಇ ಅಂದರೆ ಗ್ರಾಜುಯೇಟ್ ರೆಕಾರ್ಡ್ ಎಗ್ಸಾಮಿನೇಷನ್. ಇದನ್ನು ನಡೆಸುವುದು ಅಮೆರಿಕದ ಇಟಿಎಸ್ ಸಂಸ್ಥೆ. ಇದರಲ್ಲಿ ಪಾಸು-ಫೇಲು ಇಲ್ಲ. ವರ್ಬಲ್ ಭಾಗಕ್ಕೆ 130ರಿಂದ 170ರವರೆಗೆ ಅಂಕ ಕೊಡುತ್ತಾರೆ. 2023ರ ಸೆಪ್ಟೆಂಬರ್‌ನಿಂದ ಪರೀಕ್ಷೆ ಚಿಕ್ಕದಾಗಿದೆ. ಇಡೀ ಪರೀಕ್ಷೆ 1 ಗಂಟೆ 58 ನಿಮಿಷ. ವರ್ಬಲ್‌ನಲ್ಲಿ 27 ಪ್ರಶ್ನೆ, 41 ನಿಮಿಷ. ಅಂದರೆ ಒಂದು ಪ್ರಶ್ನೆಗೆ ಸಿಗುವುದು ಸುಮಾರು ಒಂದೂವರೆ ನಿಮಿಷ.

ವರ್ಬಲ್‌ನ ಸುಮಾರು ಅರ್ಧ ಭಾಗ ಗದ್ಯ ಓದಿ ಉತ್ತರಿಸುವುದು. ಉಳಿದರ್ಧದಲ್ಲಿ ಎರಡು ಬಗೆಯ ಬಿಟ್ಟ ಸ್ಥಳಗಳು ಬರುತ್ತವೆ.

ಮೊದಲನೆಯದು ಟೆಕ್ಸ್ಟ್ ಕಂಪ್ಲೀಷನ್. ಇದರಲ್ಲಿ ಒಂದು, ಎರಡು ಅಥವಾ ಮೂರು ಖಾಲಿ ಜಾಗ ಇರುತ್ತವೆ. ಒಂದೇ ಖಾಲಿ ಇದ್ದರೆ 5 ಆಯ್ಕೆ, ಹೆಚ್ಚಿದ್ದರೆ ಪ್ರತಿಯೊಂದಕ್ಕೂ 3 ಆಯ್ಕೆ. ಎಲ್ಲ ಖಾಲಿಗಳೂ ಸರಿಯಾದರೆ ಮಾತ್ರ ಅಂಕ, ಅರ್ಧ ಸರಿಯಾದರೆ ಅರ್ಧ ಅಂಕ ಎಂಬುದಿಲ್ಲ.

ಎರಡನೆಯದು ಸೆಂಟೆನ್ಸ್ ಈಕ್ವಿವಲೆನ್ಸ್. ಒಂದೇ ಖಾಲಿ, 6 ಆಯ್ಕೆ. ಯಾವ ಎರಡು ಪದ ಹಾಕಿದರೂ ವಾಕ್ಯದ ಅರ್ಥ ಒಂದೇ ಆಗಿ ಉಳಿಯುತ್ತದೋ ಆ ಎರಡನ್ನೂ ಆರಿಸಬೇಕು.

ಕಣ್ಣು ಮುಚ್ಚಿ ಗುರುತು ಹಾಕಿದರೆ ಏನಾಗುತ್ತದೆ? ಒಂದು ಖಾಲಿಯ ಪ್ರಶ್ನೆಯಲ್ಲಿ 5ಕ್ಕೆ 1 ಸಲ, ಎರಡು ಖಾಲಿಗಳದ್ದರಲ್ಲಿ 9ಕ್ಕೆ 1 ಸಲ, ಮೂರು ಖಾಲಿಗಳದ್ದರಲ್ಲಿ 27ಕ್ಕೆ 1 ಸಲ ಮಾತ್ರ ಸರಿಯಾಗುತ್ತದೆ. ಸೆಂಟೆನ್ಸ್ ಈಕ್ವಿವಲೆನ್ಸ್‌ನಲ್ಲಿ 15 ಜೋಡಿಗಳಲ್ಲಿ 1 ಜೋಡಿ ಸರಿ. ಆದರೆ ಮೂರು ಖಾಲಿಗಳಲ್ಲೂ ಒಂದೊಂದು ತಪ್ಪು ಆಯ್ಕೆಯನ್ನು ತೆಗೆದುಹಾಕಿದಿರಿ ಎನ್ನೋಣ. ಆಗ 27ಕ್ಕೆ 1 ಇದ್ದ ಅವಕಾಶ 8ಕ್ಕೆ 1 ಆಗುತ್ತದೆ. ಸರಿಯುತ್ತರ ಗೊತ್ತಿಲ್ಲದಿದ್ದರೂ "ಇದಂತೂ ಅಲ್ಲ" ಎಂದು ಹೇಳಬಲ್ಲ ಅರೆಬರೆ ತಿಳಿವಳಿಕೆಗೂ ಬೆಲೆ ಇದೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವ ಪ್ರಶ್ನೆಯನ್ನೂ ಬಿಟ್ಟುಬರಬಾರದು.

ಈ ಉದ್ದದ ಪಟ್ಟಿಗಳು ಎಲ್ಲಿಂದ ಬಂದವು?

ಸಾವಿರಾರು ಪದಗಳ ಪಟ್ಟಿಗಳು ಹಳೆಯ ಕಾಲದ ತಯಾರಿ ಪುಸ್ತಕಗಳಿಂದ ಬಂದವು. ಅವು ಪೂರ್ತಿ ಸುಳ್ಳಲ್ಲ, ಕಾಲ ಮೀರಿದವು. 2011ರ ಆಗಸ್ಟ್‌ಗೆ ಮುಂಚಿನ ಜಿಆರ್‌ಇಯಲ್ಲಿ ವಿರುದ್ಧಾರ್ಥಕ ಪದ ಮತ್ತು ಪದಸಾದೃಶ್ಯದ ಪ್ರಶ್ನೆಗಳಿದ್ದವು. ಒಂದು ಒಂಟಿ ಪದ ಕೊಟ್ಟು "ಇದರ ವಿರುದ್ಧಾರ್ಥ ಯಾವುದು?" ಎಂದು ಕೇಳಿದಾಗ ಆ ಪದ ಗೊತ್ತಿಲ್ಲದಿದ್ದರೆ ದಾರಿಯೇ ಇರಲಿಲ್ಲ. ಆಗ ಪಟ್ಟಿಗೆ ಬೆಲೆ ಇತ್ತು.

2011ರಲ್ಲಿ ಆ ಎರಡೂ ಬಗೆಯ ಪ್ರಶ್ನೆಗಳನ್ನು ತೆಗೆದುಹಾಕಿದರು. ಈಗ ಪದವನ್ನು ಯಾವಾಗಲೂ ವಾಕ್ಯದ ಒಳಗೇ ಇಟ್ಟು ಕೇಳುತ್ತಾರೆ. ಪರೀಕ್ಷೆ ಬದಲಾಗಿ ವರ್ಷಗಳೇ ಕಳೆದರೂ ಪಿಡಿಎಫ್ ಮಾತ್ರ ಗುಂಪಿನಿಂದ ಗುಂಪಿಗೆ ಓಡಾಡುತ್ತಲೇ ಇದೆ.

ಇನ್ನು "30 ದಿನದಲ್ಲಿ 3,500" ಎಂಬುದರ ಲೆಕ್ಕ. ದಿನಕ್ಕೆ ಸುಮಾರು 117 ಪದ. ದಿನಕ್ಕೆ 16 ಗಂಟೆ ಎಚ್ಚರವಿದ್ದೀರಿ ಎಂದುಕೊಂಡರೂ ಪ್ರತಿ 8 ನಿಮಿಷಕ್ಕೆ ಒಂದು ಹೊಸ ಪದ, ಬಿಡುವಿಲ್ಲದೆ ತಿಂಗಳಿಡೀ. ಊಟ, ಕಾಲೇಜು, ಬಸ್ಸು, ಹಿಂದಿನ ದಿನದ ಪದಗಳ ಪುನರಾವರ್ತನೆ ಎಲ್ಲವನ್ನೂ ಬಿಟ್ಟು.

ಉತ್ತರದ ಸುಳಿವು ವಾಕ್ಯದಲ್ಲೇ ಇರುತ್ತದೆ

ಒಂದು ಉದಾಹರಣೆ ನೋಡೋಣ.

"ಈ ವರ್ಷ ಮಳೆ ಚೆನ್ನಾಗಿ ಬಂದಿದ್ದರೂ ಕುಣಿಗಲ್ ಕೆರೆ ______."

ಆಯ್ಕೆಗಳನ್ನು ನೋಡುವ ಮುಂಚೆಯೇ "ತುಂಬಲಿಲ್ಲ" ಎಂಬ ಪದ ನಿಮ್ಮ ಬಾಯಿಗೆ ಬಂದಿರುತ್ತದೆ. ಈಗ ಒಂದೇ ಒಂದು ಪ್ರತ್ಯಯ ಬದಲಿಸೋಣ.

"ಈ ವರ್ಷ ಮಳೆ ಚೆನ್ನಾಗಿ ಬಂದಿದ್ದರಿಂದ ಕುಣಿಗಲ್ ಕೆರೆ ______."

ಉತ್ತರ ತಲೆಕೆಳಗಾಯಿತು. ಈಗ ಕೆರೆ ತುಂಬಿತು. ಮಳೆ, ಕೆರೆ, ಕುಣಿಗಲ್ ಯಾವುದೂ ಬದಲಾಗಲಿಲ್ಲ. "ಬಂದಿದ್ದರೂ" ಎಂಬುದು "ಬಂದಿದ್ದರಿಂದ" ಆಯಿತು, ಅಷ್ಟೇ. ಬಿಟ್ಟ ಸ್ಥಳದ ಪ್ರಶ್ನೆ ಅಳೆಯುವುದು ಇದನ್ನೇ. ವಾಕ್ಯ ಎಲ್ಲಿ ತಿರುಗುತ್ತದೆ, ಎಲ್ಲಿ ಅದೇ ದಾರಿಯಲ್ಲಿ ಮುಂದೆ ಹೋಗುತ್ತದೆ ಎಂದು ನಿಮಗೆ ತಿಳಿಯುತ್ತದೆಯೇ?

ಕನ್ನಡದಲ್ಲಿ ಓದಿ ಬೆಳೆದವರು ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ನಮ್ಮ ಭಾಷೆಯಲ್ಲಿ ಈ ತಿರುವಿನ ಗುರುತು ಕ್ರಿಯಾಪದದ ಬಾಲಕ್ಕೆ ಅಂಟಿಕೊಂಡಿರುತ್ತದೆ: ಬಂದರೂ, ಬಂದಿದ್ದರಿಂದ, ಬರದಿದ್ದರೆ. ಇಂಗ್ಲಿಷಿನಲ್ಲಿ ಅದು ಬಿಡಿ ಪದವಾಗಿ, ಬಹಳ ಸಲ ವಾಕ್ಯದ ತಲೆಯಲ್ಲೇ ಬರುತ್ತದೆ: ಆಲ್‌ದೋ, ಬಿಕಾಸ್, ಅನ್‌ಲೆಸ್, ಡಿಸ್ಪೈಟ್. ಕನ್ನಡದಲ್ಲಿ ಮಾತು ಮುಗಿಯುವ ಹೊತ್ತಿಗೆ ತಿರುವು ತಿಳಿಯುತ್ತದೆ, ಇಂಗ್ಲಿಷಿನಲ್ಲಿ ಮೊದಲೇ ಸಾರಿಬಿಡುತ್ತಾರೆ. "ಆಲ್‌ದೋ" ಕಂಡ ಕೂಡಲೇ "ಮುಂದೆ ಎಲ್ಲೋ ಉಲ್ಟಾ ಮಾತು ಬರಲಿದೆ" ಎಂದು ಕಾಯುವುದು ಅಭ್ಯಾಸವಾಗಬೇಕು. ಇದು ಪದ ಕಲಿಯುವ ಕೆಲಸವಲ್ಲ, ಕಣ್ಣನ್ನು ಬೇರೆ ಜಾಗಕ್ಕೆ ಒಗ್ಗಿಸುವ ಕೆಲಸ.

ವಾಕ್ಯದ ನಡುವೆ ಬರುವ ಚಿಹ್ನೆಗಳೂ ಸುಳಿವು ಕೊಡುತ್ತವೆ. ಅರ್ಧವಿರಾಮ ಅಥವಾ ಎರಡು ಚುಕ್ಕಿಗಳ ಚಿಹ್ನೆ ಬಂದರೆ ಬಹಳ ಸಲ ಮುಂದಿನ ಭಾಗ ಹಿಂದಿನದನ್ನೇ ಬಿಡಿಸಿ ಹೇಳುತ್ತಿರುತ್ತದೆ. "ಅಧ್ಯಕ್ಷರು ______ ಮನುಷ್ಯ: ಇಡೀ ಸಭೆಯಲ್ಲಿ ಅವರು ಆಡಿದ್ದು ಎರಡೇ ಮಾತು." ಇಲ್ಲಿ "ಮಿತಭಾಷಿ" ಎಂದು ಹೇಳಲು ಯಾವ ಪಟ್ಟಿ ಬೇಕು? ಉತ್ತರವನ್ನು ವಾಕ್ಯದ ಎರಡನೇ ಅರ್ಧವೇ ಕೊಟ್ಟಿದೆ.

ಆದ್ದರಿಂದ ಆಯ್ಕೆಗಳನ್ನು ಕೈಯಲ್ಲಿ ಮುಚ್ಚಿಕೊಂಡು ಮೊದಲು ನಿಮ್ಮದೇ ಪದ ಹಾಕಿಕೊಳ್ಳಿ. ಕನ್ನಡದ ಪದವಾದರೂ ಪರವಾಗಿಲ್ಲ. ಆಮೇಲೆ ಅದಕ್ಕೆ ಹತ್ತಿರವಾದುದನ್ನು ಆಯ್ಕೆಗಳಲ್ಲಿ ಹುಡುಕಿ. ನೇರ ಆಯ್ಕೆಗಳಿಗೆ ಹಾರಿದರೆ, ನೋಡಲು ದೊಡ್ಡದಾಗಿರುವ ಪದ ಕಣ್ಣು ಸೆಳೆದು ದಾರಿ ತಪ್ಪಿಸುತ್ತದೆ. ಸೆಂಟೆನ್ಸ್ ಈಕ್ವಿವಲೆನ್ಸ್‌ನಲ್ಲಂತೂ ಒಂದಕ್ಕೊಂದು ಸಮಾನಾರ್ಥಕವಾಗಿದ್ದು ವಾಕ್ಯಕ್ಕೆ ಮಾತ್ರ ಹೊಂದದ ಜೋಡಿಯನ್ನು ಬೇಕೆಂದೇ ಇಟ್ಟಿರುವುದುಂಟು. ಪಟ್ಟಿಯನ್ನಷ್ಟೇ ನಂಬಿದವರು ಮೊದಲು ಬೀಳುವುದು ಅಲ್ಲೇ.

ಗೊತ್ತಿರುವ ಪದವೇ ಕೈಕೊಟ್ಟಾಗ

ಕಷ್ಟದ ಪದಗಳ ಪಟ್ಟಿಯಲ್ಲಿ ಎಷ್ಟೋ ಸಲ ಕಾಣದ ಅಪಾಯ ಇನ್ನೊಂದಿದೆ. ನಾವು ದಿನಾ ಆಡುವ ಇಂಗ್ಲಿಷ್ ಪದಗಳು ಪರೀಕ್ಷೆಯಲ್ಲಿ ಬೇರೆ ಅರ್ಥದಲ್ಲಿ ಬರುತ್ತವೆ.

"ಲೋನ್ ಸ್ಯಾಂಕ್ಷನ್ ಆಯ್ತು" ಎಂದು ಎಲ್ಲರೂ ಹೇಳುತ್ತೇವೆ. ಹಾಗಾಗಿ ಸ್ಯಾಂಕ್ಷನ್ ಎಂದರೆ ಮಂಜೂರಾತಿ ಎಂದು ತಲೆಯಲ್ಲಿ ಕೂತಿದೆ. ಆದರೆ ಒಂದು ದೇಶ ಇನ್ನೊಂದರ ಮೇಲೆ ಸ್ಯಾಂಕ್ಷನ್ ಹೇರಿತು ಎಂದರೆ ಅದು ದಂಡನೆ, ನಿರ್ಬಂಧ. ಒಂದೇ ಪದಕ್ಕೆ ಎರಡು ವಿರುದ್ಧ ಅರ್ಥ.

"ಪರೀಕ್ಷೆಗೆ ಕ್ವಾಲಿಫೈ ಆದ" ಎನ್ನುತ್ತೇವೆ. ಇಂಗ್ಲಿಷ್ ಬರಹದಲ್ಲಿ ಒಂದು ಹೇಳಿಕೆಯನ್ನು ಕ್ವಾಲಿಫೈ ಮಾಡುವುದು ಎಂದರೆ "ಇದು ಎಲ್ಲ ಸಂದರ್ಭಕ್ಕೂ ಅನ್ವಯಿಸುವುದಿಲ್ಲ" ಎಂದು ಅದಕ್ಕೆ ಮಿತಿ ಹಾಕುವುದು. "ಬ್ಯಾಗ್ ಚೆಕ್ ಮಾಡಿದರು" ಎನ್ನುವ ಚೆಕ್‌ಗೆ ತಡೆಯುವುದು, ಹತೋಟಿಯಲ್ಲಿಡುವುದು ಎಂಬ ಅರ್ಥವೂ ಇದೆ. ರಸ್ತೆ ದಾಟುವ ಪೆಡೆಸ್ಟ್ರಿಯನ್ ಗೊತ್ತು. ಒಂದು ಪುಸ್ತಕವನ್ನು ಪೆಡೆಸ್ಟ್ರಿಯನ್ ಎಂದರೆ ಅದು ಸಪ್ಪೆ, ಹೊಸತೇನಿಲ್ಲದ ಪುಸ್ತಕ ಎಂದು.

ಇಂಥ ಪದ ಕಂಡಾಗ "ಇದು ನನಗೆ ಗೊತ್ತು" ಎಂದು ಮುಂದೆ ಹೋಗುವುದೇ ತಪ್ಪಿಗೆ ದಾರಿ. ಹೊಸ 100 ಪದ ಕಲಿಯುವಷ್ಟೇ ಉಪಯುಕ್ತವಾದ ಕೆಲಸವೆಂದರೆ ಗೊತ್ತಿರುವ 100 ಪದಗಳ ಎರಡನೇ ಅರ್ಥವನ್ನು ನಿಘಂಟಿನಲ್ಲಿ ನೋಡುವುದು.

ಹಾಗಾದರೆ ಪದ ಕಲಿಯುವುದೇ ಬೇಡವೇ?

ಬೇಕು. ವಾಕ್ಯ ಅರ್ಥವಾಗಿ "ಇಲ್ಲಿ ಮಿತಭಾಷಿ ಎಂಬ ಪದ ಬರಬೇಕು" ಎಂದು ಗೊತ್ತಾದರೂ, ಆಯ್ಕೆಗಳಲ್ಲಿರುವ ಲಕಾನಿಕ್ ಎಂಬುದೇ ಆ ಪದ ಎಂದು ತಿಳಿಯದಿದ್ದರೆ ಪ್ರಯೋಜನವಿಲ್ಲ. ಪ್ರಶ್ನೆ ಇರುವುದು ಹೇಗೆ ಕಲಿಯಬೇಕು ಎಂಬುದರಲ್ಲಿ.

ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಮನೋವಿಜ್ಞಾನಿ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತೇನೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದರು. ಒಂದು ದಿನದ ಮೇಲೆ ಅದನ್ನೇ ಮತ್ತೆ ಕಲಿಯಲು ಕೂತಾಗ, ಮೊದಲ ಸಲದ ಶ್ರಮದಲ್ಲಿ ಸುಮಾರು ಮೂರನೇ ಒಂದರಷ್ಟು ಮಾತ್ರ ಉಳಿತಾಯವಾಗುತ್ತಿತ್ತು. "ಮನುಷ್ಯ ಒಂದೇ ದಿನದಲ್ಲಿ ಕಲಿತದ್ದರಲ್ಲಿ ಶೇ. 70ರಷ್ಟು ಮರೆಯುತ್ತಾನೆ" ಎಂಬ ಫಾರ್ವರ್ಡ್‌ನ ಬೇರು ಇಲ್ಲಿದೆ. ಆದರೆ ಆ ಅಂಕಿ ಒಬ್ಬ ವ್ಯಕ್ತಿ ಅರ್ಥವಿಲ್ಲದ ಉಚ್ಚಾರಗಳ ಮೇಲೆ ಮಾಡಿದ ಪ್ರಯೋಗದ್ದು. ಅರ್ಥವಿರುವ, ಬಳಕೆಗೆ ಬರುವ ಸಂಗತಿ ಅಷ್ಟು ಬೇಗ ಅಳಿಸಿಹೋಗುವುದಿಲ್ಲ. ಅರ್ಥದ ಹಿಡಿತವಿಲ್ಲದೆ ಉರು ಹೊಡೆದ ಪಟ್ಟಿ ಮಾತ್ರ ಎಬ್ಬಿಂಗ್‌ಹೌಸ್‌ರ ಉಚ್ಚಾರಗಳ ಹಾದಿಯನ್ನೇ ಹಿಡಿಯುತ್ತದೆ.

ಇದೇ ಎಬ್ಬಿಂಗ್‌ಹೌಸ್ 1897ರಲ್ಲಿ ಶಾಲಾ ಮಕ್ಕಳ ಬೌದ್ಧಿಕ ಸಾಮರ್ಥ್ಯ ಅಳೆಯಲು ವಾಕ್ಯಗಳಲ್ಲಿ ಭಾಗಗಳನ್ನು ಬಿಟ್ಟು ತುಂಬಿಸುವ ಪರೀಕ್ಷೆಯನ್ನೂ ರೂಪಿಸಿದರು. 1953ರಲ್ಲಿ ವಿಲ್ಸನ್ ಟೇಲರ್ ಎಂಬ ಸಂವಹನ ಸಂಶೋಧಕರು ಇಂಥದೇ ಉಪಾಯವನ್ನು ಬರಹ ಎಷ್ಟು ಸುಲಭವಾಗಿ ಅರ್ಥವಾಗುತ್ತದೆ ಎಂದು ಅಳೆಯಲು ಬಳಸಿ ಅದಕ್ಕೆ ಕ್ಲೋಜ್ ಎಂದು ಹೆಸರಿಟ್ಟರು. ಬ್ಯಾಂಕ್ ಪರೀಕ್ಷೆಗಳಿಗೆ ಓದುವವರು ದಿನಾ ಬಿಡಿಸುವ "ಕ್ಲೋಜ್ ಟೆಸ್ಟ್" ಇದೇ. ಇಬ್ಬರ ಉದ್ದೇಶವೂ ಬಿಡಿ ಪದಗಳ ನೆನಪನ್ನು ಅಳೆಯುವುದಾಗಿರಲಿಲ್ಲ. ಸುತ್ತಲಿನ ಮಾತಿನಿಂದ ಕಾಣೆಯಾದುದನ್ನು ಊಹಿಸುವ ಶಕ್ತಿಯನ್ನು ಅವರು ನೋಡುತ್ತಿದ್ದರು.

ಪದ ಉಳಿಯಬೇಕೆಂದರೆ ಮತ್ತೆ ಮತ್ತೆ ಓದುವುದಕ್ಕಿಂತ ನೆನಪಿನಿಂದ ಹೊರಗೆ ತೆಗೆಯುವುದು ಹೆಚ್ಚು ಕೆಲಸ ಮಾಡುತ್ತದೆ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಒಂದು ಗುಂಪಿನ ವಿದ್ಯಾರ್ಥಿಗಳು ಗದ್ಯವನ್ನು ನಾಲ್ಕು ಅವಧಿಗಳಲ್ಲೂ ಓದಿದರು. ಇನ್ನೊಂದು ಗುಂಪು ಒಂದು ಅವಧಿಯಲ್ಲಿ ಓದಿ, ಉಳಿದ ಮೂರರಲ್ಲಿ ಪುಸ್ತಕ ನೋಡದೆ ನೆನಪಾದುದನ್ನು ಬರೆಯಿತು. 5 ನಿಮಿಷದ ನಂತರ ಕೇಳಿದಾಗ ಬರೀ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ಬರೀ ಓದಿದವರಿಗೆ ನೆನಪಿದ್ದುದು ಸುಮಾರು ಶೇ. 40, ನೆನಪಿನಿಂದ ತೆಗೆದು ಬರೆದವರಿಗೆ ಸುಮಾರು ಶೇ. 61.

ಪಟ್ಟಿ ನಮ್ಮನ್ನು ಮೋಸಗೊಳಿಸುವುದು ಹೀಗೆ. ಓದಿದ ಕೂಡಲೇ ಎಲ್ಲ ಬಂದಂತೆ ಅನಿಸುತ್ತದೆ, ಪರೀಕ್ಷೆಯ ದಿನ ಖಾಲಿ.

ಗುಬ್ಬಿ ಎಂದ ಕೂಡಲೇ ಕನ್ನಡಿಗರಿಗೆ ನೆನಪಾಗುವುದು 1884ರಲ್ಲಿ ಹುಟ್ಟಿದ, ಮುಂದೆ ಗುಬ್ಬಿ ವೀರಣ್ಣನವರ ಹೆಸರಿನಿಂದ ಮನೆಮಾತಾದ ನಾಟಕ ಕಂಪನಿ. ನಾಟಕದ ತಾಲೀಮು ನೋಡಿದವರಿಗೆ ಮೇಲಿನ ಪ್ರಯೋಗ ಹೊಸದೆನಿಸದು. ಪುಸ್ತಕ ಕೆಳಗಿಟ್ಟು, ಎದುರಿನವರ ಮಾತು ಕೇಳಿ, ತನ್ನ ಮಾತನ್ನು ನೆನಪಿನಿಂದ ಎತ್ತಿ ಆಡುವುದೇ ತಾಲೀಮು. ಮಾತು ಸಂದರ್ಭಕ್ಕೆ ಅಂಟಿಕೊಂಡಿರುತ್ತದೆ, ಹಾಗಾಗಿ ಉಳಿಯುತ್ತದೆ.

ಮಲಗಿರುವಾಗ ಕಿವಿಗೆ ಪದಗಳ ಆಡಿಯೋ ಹಾಕಿಕೊಂಡರೆ ಮಿದುಳು ತಾನಾಗಿ ಕಲಿಯುತ್ತದೆ ಎಂಬ ಮಾತೂ ಓಡಾಡುತ್ತದೆ. ಇದನ್ನು ನಂಬಬೇಡಿ. 1950ರ ದಶಕದಲ್ಲೇ ಮಿದುಳಿನ ಅಲೆಗಳನ್ನು ದಾಖಲಿಸಿ ನಡೆಸಿದ ಪ್ರಯೋಗಗಳಲ್ಲಿ, ನಿಜವಾಗಿ ನಿದ್ದೆಯಲ್ಲಿದ್ದಾಗ ಕೇಳಿಸಿದ್ದು ಬೆಳಿಗ್ಗೆ ನೆನಪಿಗೆ ಬರಲಿಲ್ಲ. ಎಚ್ಚರವಿದ್ದಾಗ ಕಲಿತದ್ದು ಗಟ್ಟಿಯಾಗಲು ಒಳ್ಳೆಯ ನಿದ್ದೆ ಬೇಕು ಎಂಬುದು ಮಾತ್ರ ನಿಜ. ಆದ್ದರಿಂದ ಇಯರ್‌ಫೋನ್ ತೆಗೆದಿಟ್ಟು ಮಲಗಿ.

ಕನ್ನಡ ಮೀಡಿಯಂನವರಿಗೆ ಆಗುವುದಿಲ್ಲವೇ?

ಇಂಗ್ಲಿಷ್ ಪುಸ್ತಕ, ಪತ್ರಿಕೆ ಕಡಿಮೆ ಓದಿದವರಿಗೆ ಆರಂಭದಲ್ಲಿ ಹೆಚ್ಚು ಸಮಯ ಬೇಕಾಗುತ್ತದೆ. ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಇದು ಓದಿನ ಕೊರತೆ. ಇದಕ್ಕೂ ಬುದ್ಧಿಗೂ ಸಂಬಂಧವಿಲ್ಲ. ಇಂಗ್ಲಿಷ್ ಮೀಡಿಯಂನಲ್ಲಿ ಓದಿಯೂ ಪಠ್ಯಪುಸ್ತಕದ ಆಚೆಗೆ ಏನೂ ಓದದವರಿಗೂ ಇದೇ ಕೊರತೆ ಇರುತ್ತದೆ.

ಅರ್ಥದ ಸೂಕ್ಷ್ಮ ಹಿಡಿಯುವ ಶಕ್ತಿ ನಿಮ್ಮ ಕನ್ನಡದಲ್ಲೇ ಇದೆ. ಇದನ್ನು ನೋಡಿ: "ಅವರ ಭಾಷಣ ಕೇಳಿ ಅಭಿಮಾನಿಗಳು ಅವರನ್ನು ವಾಗ್ಮಿ ಎಂದು ಹೊಗಳಿದರು, ಅದೇ ಮಾತನ್ನು ಹತ್ತು ಸಲ ಕೇಳಿ ಬೇಸತ್ತವರು ______ ಎಂದರು." ನೀವು "ವಾಚಾಳಿ" ಎಂದೇ ತುಂಬುತ್ತೀರಿ. ಇಬ್ಬರೂ ಮಾತಾಡುವವರೇ, ಆದರೆ ಒಂದು ಹೊಗಳಿಕೆ, ಇನ್ನೊಂದು ತೆಗಳಿಕೆ. ಎಲೊಕ್ವೆಂಟ್ ಮತ್ತು ಗ್ಯಾರ್ಯುಲಸ್ ನಡುವೆ ಇರುವುದೂ ಇದೇ ವ್ಯತ್ಯಾಸ. ಹೊಸ ಪದ ಕಲಿಯುವಾಗ "ಮಾತು" ಎಂದಷ್ಟೇ ಬರೆದುಕೊಳ್ಳಬೇಡಿ. ಹೊಗಳಿಕೆಯೋ ತೆಗಳಿಕೆಯೋ ಎಂಬುದನ್ನೂ ಬರೆದುಕೊಳ್ಳಿ. ಎಷ್ಟೋ ಬಿಟ್ಟ ಸ್ಥಳಗಳಲ್ಲಿ ಉತ್ತರ ನಿಲ್ಲುವುದು ಈ ಬಣ್ಣದ ಮೇಲೆ.

ಇಲ್ಲಿ ಕನ್ನಡದಿಂದ ಇಂಗ್ಲಿಷಿಗೆ ಹೋಗುವ ದಾರಿಯೂ ಇದೆ. ವಿ. ಕೃಷ್ಣ ಅವರು ವರ್ಷಗಟ್ಟಲೆ ಒಬ್ಬರೇ ಕೂತು ಕಟ್ಟಿದ "ಅಲರ್" ಎಂಬ ಕನ್ನಡ-ಇಂಗ್ಲಿಷ್ ನಿಘಂಟು 2019ರಿಂದ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಕನ್ನಡ ಪದಗಳಿವೆ. ಜಿಪುಣ, ಹಟಮಾರಿ, ಮುಗ್ಧ, ಕಪಟಿ ಎಂದು ನಿಮಗೆ ಗೊತ್ತಿರುವ ಪದಗಳನ್ನು ಹಾಕಿ ಇಂಗ್ಲಿಷಿನಲ್ಲಿ ಏನೇನು ಪದಗಳಿವೆ ಎಂದು ನೋಡಿ. ನಂತರ ಆ ಪದವನ್ನು ಇಂಗ್ಲಿಷ್ ನಿಘಂಟಿನಲ್ಲಿ ತೆರೆದು ಉದಾಹರಣೆ ವಾಕ್ಯ ಓದಿ. ಈ ಎರಡನೇ ಹೆಜ್ಜೆ ಬಿಡಬಾರದು. ಏಕೆಂದರೆ ಎರಡು ಭಾಷೆಯ ಪದಗಳು ಬಳಕೆಯಲ್ಲಿ ಪೂರ್ತಿ ಒಂದೇ ಆಗುವುದು ಅಪರೂಪ.

ಧಾತು ಕಲಿತರೆ ಸಾಕೇ? ಇಂಗ್ಲಿಷ್ ಸಂಸ್ಕೃತದಿಂದ ಬಂದದ್ದೇ?

"ಜಲ" ಗೊತ್ತಿದ್ದರೆ ಜಲಾಶಯ, ಜಲಚರ, ಜಲಮಾರ್ಗ ಊಹಿಸಬಹುದು. ಹಾಗೆಯೇ ಮಾತಾಡು ಎಂಬ ಅರ್ಥದ ಲ್ಯಾಟಿನ್ ಧಾತು ಗೊತ್ತಿದ್ದರೆ ಎಲೊಕ್ವೆಂಟ್, ಲೊಕ್ವೇಶಸ್, ಕೊಲೊಕ್ವಿಯಲ್ ಒಂದೇ ಮನೆಯವು ಎಂದು ತಿಳಿಯುತ್ತದೆ. ಇದು ನೆನಪಿಗೆ ಒಳ್ಳೆಯ ಊರುಗೋಲು, ಆದರೆ ಅದೊಂದನ್ನೇ ನಂಬಿದರೆ ಎಡವುತ್ತೀರಿ. "ಇನ್" ಎಂದರೆ "ಅಲ್ಲ" ಎಂದುಕೊಂಡು ಇನ್‌ಫ್ಲೇಮಬಲ್ ಎಂದರೆ ಬೆಂಕಿ ಹಿಡಿಯದ್ದು ಎಂದು ಭಾವಿಸಿದರೆ ಅನಾಹುತ. ಅದರ ಅರ್ಥ ಸುಲಭವಾಗಿ ಹೊತ್ತಿಕೊಳ್ಳುವುದು. ಇನ್‌ವ್ಯಾಲ್ಯುಯಬಲ್ ಎಂದರೆ ಬೆಲೆಯಿಲ್ಲದ್ದಲ್ಲ, ಬೆಲೆ ಕಟ್ಟಲಾಗದ್ದು.

ಇನ್ನೊಂದು ಜನಪ್ರಿಯ ಫಾರ್ವರ್ಡ್, "ಇಂಗ್ಲಿಷ್ ಪದಗಳೆಲ್ಲ ಸಂಸ್ಕೃತದಿಂದ ಹುಟ್ಟಿದವು" ಎನ್ನುತ್ತದೆ. ಇದು ತಪ್ಪು. ಸಂಸ್ಕೃತ, ಲ್ಯಾಟಿನ್, ಇಂಗ್ಲಿಷ್ ಮೂರೂ ಇಂಡೋ-ಯುರೋಪಿಯನ್ ಎಂಬ ಒಂದೇ ಕುಟುಂಬಕ್ಕೆ ಸೇರಿದವು, ಒಂದರ ಹೊಟ್ಟೆಯಲ್ಲಿ ಇನ್ನೊಂದು ಹುಟ್ಟಿದ್ದಲ್ಲ. ಕನ್ನಡ ಬೇರೆಯದೇ ಆದ ದ್ರಾವಿಡ ಕುಟುಂಬದ್ದು, ಸಂಸ್ಕೃತದಿಂದ ಪದಗಳನ್ನು ಸಾಲ ಪಡೆದಿದೆ. ಆ ಸಾಲದ ಪದಗಳು ನಿಮಗೆ ನೆನಪಿನ ಕೊಂಡಿಯಾಗಬಹುದು: ನವ ಮತ್ತು ನಾವಿಸ್, ಮರ್ತ್ಯ ಮತ್ತು ಮಾರ್ಟಲ್, ದಂತ ಮತ್ತು ಡೆಂಟಲ್, ನಾಮ ಮತ್ತು ನಾಮಿನಲ್. ಕೊಂಡಿಯನ್ನು ಬಳಸಿಕೊಳ್ಳಿ, ಕಟ್ಟುಕತೆಯನ್ನು ಬಿಡಿ.

ದಿನದ ಅಭ್ಯಾಸ ಹೇಗಿರಬೇಕು?

ಗುಬ್ಬಿಯಿಂದ ತುಮಕೂರಿಗೆ ಸುಮಾರು 20 ಕಿಲೋಮೀಟರ್, ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70. ರೈಲಿನಲ್ಲೋ ಬಸ್ಸಿನಲ್ಲೋ ದಿನಾ ಓಡಾಡುವವರಿಗೆ ಆ ಸಮಯವೇ ಸಾಕಷ್ಟಾಗುತ್ತದೆ. ಪುಸ್ತಕ ಬೇಡ, ಫೋನ್ ಇದ್ದರೆ ಸಾಕು.

1. ದಿನಕ್ಕೆ 10 ಹೊಸ ಪದ. ನಾಲ್ಕು ತಿಂಗಳಿಗೆ ಸುಮಾರು 1,200. ಪ್ರತಿ ಪದಕ್ಕೂ ಒಂದು ವಾಕ್ಯ ಬರೆಯಿರಿ. ಆ ವಾಕ್ಯದಲ್ಲಿ ಪದದ ಜಾಗವನ್ನು ಖಾಲಿ ಬಿಡಿ. ನಿಮ್ಮ ಊರು, ನಿಮ್ಮ ಮನೆ, ನಿಮ್ಮ ಕಾಲೇಜಿನ ಬಗ್ಗೆಯೇ ಇರಲಿ.

2. ಅರ್ಥ ನೋಡುವ ಮುಂಚೆ ನೆನಪಿನಿಂದ ಹೇಳಿ. ತಪ್ಪಾದರೂ ಪರವಾಗಿಲ್ಲ, ಮೊದಲು ಪ್ರಯತ್ನ, ಆಮೇಲೆ ಉತ್ತರ.

3. ಅಂತರ ಬಿಟ್ಟು ಮರಳಿ ನೋಡಿ. ಮರುದಿನ, ಮೂರು ದಿನಕ್ಕೆ, ವಾರಕ್ಕೆ, ಎರಡು ವಾರಕ್ಕೆ. ಜರ್ಮನಿಯ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಇದಕ್ಕೆ ಚೀಟಿಗಳ ಪೆಟ್ಟಿಗೆ ಹೇಳಿಕೊಟ್ಟರು. ಬಂದ ಚೀಟಿ ಮುಂದಿನ ಖಾನೆಗೆ, ಬಾರದ ಚೀಟಿ ಮತ್ತೆ ಮೊದಲ ಖಾನೆಗೆ. ಹಳೆಯ ಮದುವೆ ಕಾಗದ ಕತ್ತರಿಸಿದರೂ ಚೀಟಿ ಆಗುತ್ತದೆ. ಫೋನಿನಲ್ಲೇ ಬೇಕೆಂದರೆ ಆಂಡ್ರಾಯ್ಡ್‌ನಲ್ಲಿ ಆಂಕಿಡ್ರಾಯ್ಡ್ ಎಂಬ ಉಚಿತ ಆ್ಯಪ್ ಇದೇ ಕೆಲಸ ಮಾಡುತ್ತದೆ.

4. ದಿನಕ್ಕೆ 5 ಬಿಟ್ಟ ಸ್ಥಳ ಬಿಡಿಸಿ. ತಪ್ಪಾದ ಪ್ರತಿಯೊಂದರ ಪಕ್ಕ ಕಾರಣ ಬರೆಯಿರಿ: ಪದ ಗೊತ್ತಿರಲಿಲ್ಲವೋ, ವಾಕ್ಯದ ತಿರುವು ತಪ್ಪಿತೋ, ಗೊತ್ತಿರುವ ಪದದ ಇನ್ನೊಂದು ಅರ್ಥ ಗೊತ್ತಿರಲಿಲ್ಲವೋ. ಎರಡು ವಾರ ಹೀಗೆ ಬರೆದರೆ ನಿಮ್ಮ ನಿಜವಾದ ಕೊರತೆ ಯಾವುದು ಎಂದು ನಿಮಗೇ ಕಾಣುತ್ತದೆ.

5. ದಿನಕ್ಕೊಂದು ಇಂಗ್ಲಿಷ್ ಲೇಖನ ಪೂರ್ತಿ ಓದಿ. ಪತ್ರಿಕೆಯ ಸಂಪಾದಕೀಯವಾದರೂ ಸರಿ, ವಿಜ್ಞಾನದ ಬರಹವಾದರೂ ಸರಿ. ಪಟ್ಟಿಯಲ್ಲಿ ಸತ್ತಂತೆ ಮಲಗಿರುವ ಪದಗಳು ಅಲ್ಲಿ ಓಡಾಡುತ್ತಿರುತ್ತವೆ.

ಹಣ ಖರ್ಚು ಮಾಡುವ ಮುನ್ನ

ಮೊದಲು ನಿಮಗೆ ಜಿಆರ್‌ಇ ಬೇಕೇ ಎಂದು ನೋಡಿ. ಕೋವಿಡ್ ನಂತರ ಅಮೆರಿಕದ ಬಹಳಷ್ಟು ವಿಭಾಗಗಳು ಇದನ್ನು ಕಡ್ಡಾಯದಿಂದ ಕೈಬಿಟ್ಟಿವೆ, ಕೆಲವು ಮತ್ತೆ ಕೇಳುತ್ತಿವೆ. ನೀವು ಸೇರಬೇಕೆಂದಿರುವ ವಿಭಾಗದ ಪುಟವನ್ನೇ ತೆರೆದು ಓದಿ, ಏಜೆಂಟರ ಮಾತಿನ ಮೇಲೆ ತೀರ್ಮಾನಿಸಬೇಡಿ. ಒಮ್ಮೆ ಪಡೆದ ಅಂಕ 5 ವರ್ಷ ಚಾಲ್ತಿಯಲ್ಲಿರುತ್ತದೆ, ಆದ್ದರಿಂದ ಅವಸರದಲ್ಲಿ ಬರೆಯಬೇಕಾಗಿಲ್ಲ. ಸರಿಹೋಗದಿದ್ದರೆ 21 ದಿನಗಳ ನಂತರ ಮತ್ತೆ ಬರೆಯಬಹುದು, ಆದರೆ ಪ್ರತಿ ಸಲವೂ ಪೂರ್ತಿ ಶುಲ್ಕ ಕಟ್ಟಬೇಕು.

ಎರಡನೆಯದಾಗಿ, ಇಟಿಎಸ್ ತಾನೇ ಪವರ್‌ಪ್ರೆಪ್ ಹೆಸರಿನಲ್ಲಿ ಎರಡು ಪೂರ್ಣ ಮಾದರಿ ಪರೀಕ್ಷೆಗಳನ್ನು ಉಚಿತವಾಗಿ ಕೊಡುತ್ತದೆ. ಕೋಚಿಂಗ್‌ಗೆ ಹಣ ಕಟ್ಟುವ ಮುಂಚೆ ಒಂದನ್ನು ಗಡಿಯಾರ ಇಟ್ಟುಕೊಂಡು ಬರೆಯಿರಿ. ಬಂದ ಅಂಕ ನೋಡಿದ ಮೇಲೆ ಕೋಚಿಂಗ್ ಬೇಕೋ ಬೇಡವೋ ನಿರ್ಧರಿಸಿ. ಶಿಸ್ತಿಗೆ, ಜೊತೆಗೆ ಓದುವವರ ಸಹವಾಸಕ್ಕೆ ಕೋಚಿಂಗ್ ಕೆಲವರಿಗೆ ನೆರವಾಗುತ್ತದೆ. ಆದರೆ ಅದಿಲ್ಲದೆ ಆಗುವುದೇ ಇಲ್ಲ ಎಂಬ ಮಾತಿಗೆ ಆಧಾರವಿಲ್ಲ.

ಮೂರನೆಯದಾಗಿ, "ಪ್ರಶ್ನೆಪತ್ರಿಕೆ ಸಿಕ್ಕಿದೆ", "ಅಂಕ ಗ್ಯಾರಂಟಿ", "ನಿಮ್ಮ ಬದಲು ನಾವೇ ಬರೆಯುತ್ತೇವೆ" ಎಂದು ಹಣ ಕೇಳುವ ಸಂದೇಶಗಳಿಂದ ದೂರವಿರಿ. ಅಕ್ರಮ ಕಂಡರೆ ಇಟಿಎಸ್ ಅಂಕವನ್ನೇ ರದ್ದು ಮಾಡುತ್ತದೆ. ಹಣವೂ ಹೋಗುತ್ತದೆ, ಹೆಸರೂ ಹೋಗುತ್ತದೆ.

ಫಾರ್ವರ್ಡ್ ಮಾಡುವ ಮುನ್ನ

"ದೊಡ್ಡ ಪಟ್ಟಿ ಬಾಯಿಪಾಠ ಮಾಡಿದರೆ ಸಾಕು" ಎಂಬುದು ತಪ್ಪು. "ಪದ ಕಲಿಯುವುದೇ ಬೇಡ" ಎಂಬುದೂ ತಪ್ಪು. ವಾಕ್ಯ ಓದಿ ತಿರುವು ಹಿಡಿಯುವುದು ಮೊದಲು, ಅಂತರ ಬಿಟ್ಟು ನೆನಪಿನಿಂದ ಪದ ತೆಗೆಯುವುದು ಜೊತೆಗೆ. "ಕನ್ನಡ ಮೀಡಿಯಂನವರಿಗೆ ಆಗದು" ಎಂಬ ಮಾತಿಗಂತೂ ಯಾವ ಬುಡವೂ ಇಲ್ಲ.

ಮುಂದಿನ ಸಲ ನಿಮ್ಮ ಗುಂಪಿಗೆ 3,500 ಪದಗಳ ಪಿಡಿಎಫ್ ಬಂದರೆ ಅದನ್ನು ಹಾಗೇ ಮುಂದೆ ತಳ್ಳಬೇಡಿ. ಅದರಿಂದ ಒಂದೇ ಒಂದು ಪದ ಆರಿಸಿ, ಆ ಪದದ ಜಾಗ ಖಾಲಿ ಬಿಟ್ಟ ಒಂದು ವಾಕ್ಯ ಬರೆದು ಗುಂಪಿಗೆ ಹಾಕಿ. ಗೆಳೆಯರು ಉತ್ತರ ಊಹಿಸಲಿ. ಪಿಡಿಎಫ್ ಯಾರೂ ತೆರೆಯದೆ ಫೋನಿನಲ್ಲಿ ಜಾಗ ತಿನ್ನುತ್ತಾ ಬಿದ್ದಿರುತ್ತದೆ, ಆ ಒಂದು ಪದ ಮಾತ್ರ ಗುಂಪಿನ ಎಲ್ಲರಿಗೂ ಬಂದಿರುತ್ತದೆ.